ಊರ ಹಿರಿಯರ ಚರಿತ್ರೆಯೂ ಬಾಲಬೋಧೆಯೂ

ಹೆಬ್ಬಳ್ಳಿಯಂಥ ಗ್ರಾಮದ ಬಾಲಕನೊಬ್ಬನನ್ನು ಕರೆದು ಅಶೋಕನಾರು, ಅಕಬರನಾರು ಎಂದು ಕೇಳಿದರೆ ತಡವರಿಸದೆ ಉತ್ತರ ಕೊಡುವನು. ತಾನು ಕುಳಿತು ಕಲಿಯುವ ಕನ್ನಡ ಶಾಲೆಯು ಈ ಸೀಮೆಗೆ ಹೇಗೆ ಬಂದಿತೆಂದು ಕೇಳಿದರೆ ಕೇಳಿದವರ ಮೋರೆಯನ್ನೇ ನೋಡುವನು. ಇದರಲ್ಲಿ ಬಾಲಕನ ದೋಷವಿಲ್ಲ. ಹೇಳತಕ್ಕವರು ಹೇಳಲಿಲ್ಲ, ಅಷ್ಟೇ. ದೂರದ ಅರಸರ ಚರಿತ್ರೆಯನ್ನು ಬಿಡಬೇಕೆಂದು ಇದರ ತಾತ್ಪರ್ಯವಲ್ಲ. ಸಮೀಪದ ಧಾರವಾಡದ ಬೀದಿಗಳಲ್ಲಿಯೇ ನಡೆದಾಡಿದ ಪುರುಷರ ಕಾರ್ಯವನ್ನು ಅರಿಯದವನಿಗೆ ಅಶೋಕನೂ ಬರಿಯ ಹೆಸರಾಗಿಯೇ ಉಳಿಯುವನು.

1818ರಲ್ಲಿ ಪೇಶವೆಯವರ ಆಳಿಕೆಯು ಮುಗಿದ ತರುವಾಯ ಈ ಪ್ರಾಂತವು ಕುಂಪಣಿಯವರ ವಶವಾಗಿ ಮುಂಬಯಿ ಇಲಾಖೆಗೆ ಸೇರಿತು. ಕಚೇರಿಯ ಬರಹವು ಮರಾಠಿ. ಸರಕಾರಿ ಶಾಲೆಯ ಪಾಠವೂ ಮರಾಠಿ. ಮನೆಯಲ್ಲಿ ಅವ್ವನೊಡನೆ ಕನ್ನಡವನ್ನಾಡುವ ಕೂಸು ಶಾಲೆಯ ಹೊಸ್ತಿಲನ್ನು ದಾಟಿದೊಡನೆ ಮೂಕನಾಗುತ್ತಿದ್ದಿತು. ಮರಾಠಿಯು ಸಂಪನ್ನವಾದ ಭಾಷೆ. ಅದರ ಮೇಲೆ ಹಗೆಯೇತಕ್ಕೆ? ಆದರೆ ತಿಳಿಯದ ನುಡಿಯಲ್ಲಿ ಲೆಕ್ಕವನ್ನೂ ನೀತಿಯನ್ನೂ ಕಲಿಯೆಂದರೆ ಒಕ್ಕಲಿಗನ ಮಗನು ಕಲಿಯುವುದೆಂತು? ವಾಲ್ಟರ್ ಎಲಿಯಟ್ ಸಾಹೇಬರು ಮೊದಲೇ ಈ ಕೊರತೆಯನ್ನು ಕಂಡು ಧಾರವಾಡದಲ್ಲಿ ಕನ್ನಡ ಶಾಲೆಗೆ ಆಸರೆಯಾಗಿದ್ದರು. ಆದರೂ ಒಂದೆರಡು ಶಾಲೆಗಳಿಂದ ಸೀಮೆಯ ಬಾಯಾರಿಕೆ ತೀರುವಂತಿರಲಿಲ್ಲ.

ಆ ಕಾಲದಲ್ಲಿ ಮುಂದೆ ಬಂದವರು ಡೆಪ್ಯುಟಿ ಚನ್ನಬಸಪ್ಪನವರು. ಇವರ ಜನನವು 1834ರಲ್ಲಿ, ಧಾರವಾಡದಲ್ಲಿ. ಪುಣೆಗೆ ಹೋಗಿ ಇಂಜಿನಿಯರಿಂಗ್ ವಿದ್ಯೆಯನ್ನು ಅಭ್ಯಾಸ ಮಾಡಿದರು. ಸೇತುವೆಗಳನ್ನೂ ರಸ್ತೆಗಳನ್ನೂ ಕಟ್ಟಿಸುತ್ತ ಸುಖವಾಗಿರಬಹುದಾಗಿದ್ದ ಈ ತರುಣರು ಶಾಲಾಖಾತೆಯನ್ನು ಸೇರಿದರು. ಧಾರವಾಡದ ನಾರ್ಮಲ್ ಶಾಲೆಯಲ್ಲಿ ಶಿಕ್ಷಕರನ್ನು ಸಿದ್ಧಪಡಿಸಿದರು. ಮುಂದೆ ಡೆಪ್ಯುಟಿ ಇನ್‌ಸ್ಪೆಕ್ಟರರಾದರು. ಆ ಅಧಿಕಾರದ ಹೆಸರೇ ಅವರ ಹೆಸರಿಗೆ ಅಂಟಿಕೊಂಡಿತು. ಖಾತೆಯ ಮೇಲಧಿಕಾರಿಗಳಾಗಿದ್ದ ರಸೆಲ್ ಸಾಹೇಬರ ಬೆಂಬಲವೂ ದೊರೆಯಿತು. ಊರೂರಿಗೆ ಸಂಚರಿಸಿ ಕನ್ನಡ ಶಾಲೆಗಳನ್ನು ಹೆಚ್ಚಿಸಿದುದೇ ಅವರ ಮುಖ್ಯ ಕಾರ್ಯ.

ಶಾಲೆಯಾದರೆ ಸಾಲದು, ಓದಲಿಕ್ಕೆ ಪುಸ್ತಕ ಬೇಕು. ಚನ್ನಬಸಪ್ಪನವರು ಶೇಕ್ಸ್‌ಪಿಯರ್ ಕವಿಯ ಹಾಸ್ಯನಾಟಕವೊಂದನ್ನು ‘ನಗದವರನ್ನು ನಗಿಸುವ ಕಥೆ’ ಎಂಬ ಹೆಸರಿನಿಂದ ತಾವೇ ಕನ್ನಡಕ್ಕೆ ತಂದರು. ಅದಕ್ಕಿಂತಲೂ ಹೆಚ್ಚಿನದೆಂದರೆ, ಗಂಗಾಧರ ಮಡಿವಾಳೇಶ್ವರ ತುರಮರಿ, ವೆಂಕಟ ರಂಗೋ ಕಟ್ಟಿ, ಚುರಮರಿ ಶೇಷಗಿರಿರಾಯ ಮೊದಲಾದವರ ಕೈಗೆ ಲೇಖನಿಯನ್ನು ಕೊಟ್ಟು ಹುರಿದುಂಬಿಸಿದುದು. ಜಾತಿಯನ್ನು ನೋಡದೆ ಶಕ್ತಿಯನ್ನು ನೋಡಿದ ಈ ಗುಣವನ್ನು ಶಿಷ್ಯವರ್ಗವು ವಿಶೇಷವಾಗಿ ಗಮನಿಸತಕ್ಕದ್ದು.

1865ರಲ್ಲಿ ಶಿಕ್ಷಕರಿಗಾಗಿ ಹುಟ್ಟಿದ ಪತ್ರಿಕೆಗೆ ‘ಮಠಪತ್ರಿಕೆ’ಯೆಂದು ಹೆಸರಾಯಿತು. ಇಂದಿನ ಹುಡುಗರು ಈ ಹೆಸರನ್ನು ಕೇಳಿ ಅದು ಯಾವುದೋ ಮಠದ ಪತ್ರಿಕೆಯೆಂದು ಭಾವಿಸಬಹುದು. ಹಾಗಲ್ಲ. ಹಿಂದೆ ಅಯ್ಯನವರು ಮಕ್ಕಳನ್ನು ಕೂಡಿಸಿಕೊಂಡು ಧೂಳಾಕ್ಷರ ಬರೆಯಿಸುತ್ತಿದ್ದ ಸ್ಥಳಕ್ಕೆ ಮಠವೆಂದೇ ಹೆಸರು. ಶಾಲೆಯೆಂಬ ಮಾತು ಆಮೇಲೆ ಬಂದುದು. ಆ ಪತ್ರಿಕೆಯು ಹೆಸರು ಬದಲಿಸುತ್ತ ‘ಜೀವನ ಶಿಕ್ಷಣ’ವಾಯಿತು. ಈ ಒಂದು ಶಬ್ದವನ್ನು ಹಿಡಿದು ಗುರುಗಳು ಒಂದು ದಿನದ ಪಾಠವನ್ನೇ ಹೇಳಬಹುದು. 1881ರಲ್ಲಿ, ಐವತ್ತು ತುಂಬುವ ಮೊದಲೇ, ಚನ್ನಬಸಪ್ಪನವರು ಲಿಂಗೈಕ್ಯರಾದರು.

ಇಂಥವರ ಚರಿತ್ರೆಯನ್ನು ಮಕ್ಕಳಿಗೆ ಹೇಳುವಾಗ ಭಕ್ತಿಯು ಹೆಚ್ಚಾಗಿ ಸಂಗತಿಯು ಕಡಮೆಯಾಗುವ ಭಯವುಂಟು. ಹುಟ್ಟುತ್ತಲೇ ಮಹಾತ್ಮರೆಂದು ಬಣ್ಣಿಸಿದರೆ ಮಗುವು ಕೈಮುಗಿದು ಸುಮ್ಮನಾಗುವುದು. ತಾನೂ ಒಂದು ಕೆಲಸವನ್ನು ಮಾಡಬಹುದೆಂಬ ಎಣಿಕೆಯು ಅದರ ಮನದಲ್ಲಿ ಮೂಡದು. ಶಿರಸಂಗಿ ಲಿಂಗರಾಜರ ಜೀವನವನ್ನೇ ನೋಡಬಹುದು. 1861ರಲ್ಲಿ ಶಿಗ್ಲಿಯಲ್ಲಿ ರಾಮಪ್ಪನೆಂಬ ಹೆಸರಿನಿಂದ ಹುಟ್ಟಿದ ಬಾಲಕನು ದತ್ತಕವಾಗಿ ದೇಸಗತಿಯ ಮನೆಗೆ ಬಂದನು. ಆ ಮನೆತನದೊಳಗೆ ವ್ಯಾಜ್ಯಗಳು ನಡೆದವು. ಇದನ್ನು ಮಕ್ಕಳಿಂದ ಮುಚ್ಚಿಡುವುದೇಕೆ? ಆಸ್ತಿಯ ಕಲಹವನ್ನು ಕಣ್ಣಾರೆ ಕಂಡವರೇ ಕಡೆಗೆ ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆ ಸಲ್ಲುವಂತೆ ಮೃತ್ಯುಪತ್ರವನ್ನು ಬರೆದಿಟ್ಟರೆಂದು ಹೇಳಿದಾಗಲೇ ಆ ದಾನದ ತೂಕವು ತಿಳಿಯುವುದು. 1904ರಲ್ಲಿ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಯ ಅಧ್ಯಕ್ಷತೆಯನ್ನು ವಹಿಸಿದವರೂ ಅವರೇ. 1906ರಲ್ಲಿ ಅವರು ಲಿಂಗೈಕ್ಯರಾದರು. ಬೆಳಗಾವಿಯಲ್ಲಿ 1916ರಲ್ಲಿ ಸ್ಥಾಪಿತವಾದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯವರು ತಮ್ಮ ಕಾಲೇಜಿಗೆ ಲಿಂಗರಾಜರ ಹೆಸರನ್ನಿಟ್ಟರು.

ಇವರಿಬ್ಬರ ನಡುವಿನ ಕೊಂಡಿಯನ್ನೂ ಮರೆಯಲಾಗದು. 1883ರಲ್ಲಿ ಅರಟಾಳ ರುದ್ರಗೌಡರೂ ಗಿಲಗಂಚಿ ಗುರುಸಿದ್ಧಪ್ಪನವರೂ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. ಕನ್ನಡ ಶಾಲೆಯ ಬಾಗಿಲು ತೆರೆದ ಮೇಲೆ, ಒಳಗೆ ಬಂದ ಬಡ ಹುಡುಗನು ಮುಂದಿನ ಓದಿಗೆ ಹಣವಿಲ್ಲದೆ ಹಿಂದಿರುಗಬಾರದೆಂಬುದೇ ಅವರ ಚಿಂತೆ.

ಪಾಠವು ಇಲ್ಲಿಂದ ಬಾಲಕರ ಊರಿಗೆ ಇಳಿಯಬೇಕು. ಹೆಬ್ಬಳ್ಳಿಯ ಮಕ್ಕಳಿಗೆ ಗುರುಗಳು ಒಂದು ಕೆಲಸವನ್ನು ಒಪ್ಪಿಸಲಿ: ಮನೆಯ ಅಜ್ಜ ಅಜ್ಜಿಯರನ್ನು ಕೇಳಿ, ಊರ ಶಾಲೆಗೆ ಜಾಗವನ್ನು ಬಿಟ್ಟವರಾರು, ಬಾವಿಯನ್ನು ತೋಡಿಸಿದವರಾರು, ಬರದ ವರ್ಷದಲ್ಲಿ ಹಗೇವಿನ ಜೋಳವನ್ನು ಹೊರತೆಗೆದು ಹಂಚಿದವರಾರು ಎಂದು ಬರೆದುಕೊಂಡು ಬರಲಿ. ಇಬ್ಬರು ಹುಡುಗರು ಎರಡು ಬೇರೆ ಹೆಸರುಗಳನ್ನು ತಂದರೆ ಇನ್ನೂ ಒಳಿತು. ಯಾವುದು ನಿಜವೆಂದು ಹಳೆಯ ಕಾಗದಪತ್ರಗಳನ್ನು ಹುಡುಕಲು ಅಂದೇ ಇಬ್ಬರೂ ಕೂಡಿ ಹೊರಡುವರು.