ಕಾರ್ಖಾನೆಯೂ ದೇವಾಲಯವೂ

ಮಂಗಳೂರು ಹೆಂಚನ್ನು ಕಾಣದವರು ನಮ್ಮ ನಾಡಿನಲ್ಲಿ ವಿರಳ. ಆದರೆ ಆ ಹೆಂಚಿನೊಡನೆ ಬೆಳೆದ ಕ್ರೈಸ್ತ ಸಭೆಯ ಕಥೆಯನ್ನು ಬಲ್ಲವರು ಅದಕ್ಕಿಂತಲೂ ವಿರಳವೆಂದು ನನಗೆ ತೋರುತ್ತದೆ. ಶಾಲೆ, ಮುದ್ರಣಾಲಯ, ಕಾರ್ಖಾನೆಗಳನ್ನೆಲ್ಲ ಹೊತ್ತ ಒಂದು ಸಭೆ, ತಾನು ಯಾವುದಕ್ಕಾಗಿ ಕೂಡಿತೋ ಅದನ್ನು ಮರೆಯದೆ ಇರುವುದು ಹೇಗೆ? ಈ ಪ್ರಶ್ನೆಯನ್ನಿಟ್ಟುಕೊಂಡೇ ನಾನು ಆ ಚರಿತ್ರೆಯ ಕಡೆಗೆ ನೋಡುತ್ತೇನೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಮೂವರು ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ, 1843ರಲ್ಲಿ ಮೋಗ್ಲಿಂಗರ 'ಮಂಗಳೂರ ಸಮಾಚಾರ', 1894ರಲ್ಲಿ ಕಿಟ್ಟೆಲರ ನಿಘಂಟು, ಇವನ್ನು ಕನ್ನಡಿಗರು ಕೃತಜ್ಞತೆಯಿಂದ ನೆನೆಯುವುದು ಸಹಜವೇ. ಆದರೆ ಭಾನುವಾರ ಬೆಳಿಗ್ಗೆ ದೇವಾಲಯದಲ್ಲಿ ಕುಳಿತ ಜನರ ಪಾಡೇನು?

ಅವರಲ್ಲಿ ಅನೇಕರು ಬಿಲ್ಲವರು. ಕಳ್ಳಿಳಿಸುವುದು ಅವರ ಕುಲಕಸುಬಾಗಿತ್ತು. ಸಭೆಗೆ ಅದು ಒಪ್ಪಿಗೆಯಿಲ್ಲ. ಮತ ಬಿಟ್ಟವನಿಗೆ ನಂಟರ ಮನೆಯ ಬಾಗಿಲು ಮುಚ್ಚಿತು; ಎಷ್ಟೋ ಮಂದಿಗೆ ಗೇಣಿಯ ಹೊಲವೂ ತಪ್ಪಿತು. 1844ರಲ್ಲಿ ದೀಕ್ಷಾಸ್ನಾನ ಪಡೆದ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯರು ಬಾಸೆಲಿಗೆ ಹೋಗಿ ಕಲಿತು ಉಪದೇಶಕರಾಗಿ ಮರಳಿದರು. ಮಿಶನ್ ಜಾತಿಭೇದವನ್ನು ಒಪ್ಪದ್ದರಿಂದ ಪ್ರಭುಭೋಜನದ ಪಂಕ್ತಿ ಎಲ್ಲರಿಗೂ ಒಂದೇ. ಪಂಕ್ತಿಯೇನೋ ಒಂದಾಯಿತು, ಮನೆಯಲ್ಲಿ ಒಲೆ ಉರಿಯಬೇಕಲ್ಲ!

ಆ ಒಲೆಗಾಗಿ ಹುಟ್ಟಿದವು ಕಾರ್ಖಾನೆಗಳು. 1851ರಲ್ಲಿ ಹಾಲರ್ ಎಂಬವರು ನೇಯ್ಗೆಯ ಶಾಲೆಯನ್ನು ನೆಲೆಗೊಳಿಸಿದರು. ಖಾಕಿ ಬಣ್ಣದ ಕೀರ್ತಿಯನ್ನು ಅವರಿಗೇ ಸಲ್ಲಿಸುವುದುಂಟು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ, ಗುರುಪುರ ಹೊಳೆಗಳ ದಡದ ಜೇಡಿಮಣ್ಣನ್ನು ಹದಮಾಡಿ, ಅಚ್ಚಿನಲ್ಲಿ ಒತ್ತಿ, ನೆರಳಲ್ಲಿ ಒಣಗಿಸಿ, ಸೌದೆಯ ಬೆಂಕಿಯಲ್ಲಿ ಸುಟ್ಟ ಆ ಹೆಂಚುಗಳು ಒಂದಕ್ಕೊಂದು ಕಚ್ಚಿಕೊಂಡು ಕೂಡುತ್ತಿದ್ದವು. ಕರಾವಳಿಯ ಮಳೆಯನ್ನು ತಡೆದು ನಿಂತು, ಅವು ಕಡಲಾಚೆಗೂ ಹೆಸರು ಗಳಿಸಿದವು.

ಇಲ್ಲಿಯೇ ಒಂದು ತೊಡಕೂ ಹುಟ್ಟಿತು. ಕೆಲಸ ಪ್ರಾರ್ಥನೆಯಿಂದ ತೊಡಗುತ್ತಿತ್ತು. ವಾರವಿಡೀ ಕೂಲಿ ಕೊಡುವವರೂ ಭಾನುವಾರ ಉಪದೇಶ ಹೇಳುವವರೂ ಒಂದೇ ಮಿಶನ್ನಿನವರು. ಹೀಗಿರುವಾಗ ಒಬ್ಬನು ದೇವಾಲಯಕ್ಕೆ ಬಂದದ್ದು ಭಕ್ತಿಗೋ ಅನ್ನಕ್ಕೋ ಎಂದು ಹೇಳಬಲ್ಲವರು ಯಾರು? ಹೊರಗಿನವರು ಅನ್ನಕ್ಕೆಂದೇ ಆಡಿಕೊಂಡರು. ವ್ಯಾಪಾರವೂ ಧರ್ಮಪ್ರಚಾರವೂ ಒಂದೇ ಸೂರಿನಡಿ ಬಾಳಬಹುದೇ ಎಂಬ ವಾದ ಮಿಶನ್ನಿನ ಒಳಗೂ ನಡೆಯುತ್ತಿತ್ತು.

ಉತ್ತರ ಬಂದದ್ದು ವಾದದಿಂದಲ್ಲ, ಯುದ್ಧದಿಂದ. 1914ರಲ್ಲಿ ಮೊದಲ ಮಹಾಯುದ್ಧ ಹೊತ್ತಿಕೊಂಡಾಗ, ಮಿಶನ್ನಿನ ಕೆಲಸಗಾರರಲ್ಲಿ ಬಹುಮಂದಿ ಜರ್ಮನರಾದುದರಿಂದ ಬ್ರಿಟಿಷ್ ಸರಕಾರದ ಕಣ್ಣಿಗೆ ಶತ್ರುಗಳಾದರು. ಅನೇಕರನ್ನು ಅಹಮದ್‌ನಗರದ ಶಿಬಿರದಲ್ಲಿ ಕೂಡಿಟ್ಟರು. ಕಾರ್ಖಾನೆಗಳು ಸರಕಾರದ ವಶವಾಗಿ, ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದವು. ಹೆಂಚು ಸುಡುವುದು ನಿಲ್ಲಲಿಲ್ಲ. ಕೂಲಿ ಕೊಡುವ ಕೈ ಮಾತ್ರ ಬೇರೆಯಾಯಿತು.

ಈಗ ಪಾದ್ರಿಯ ಮೋರೆ ನೋಡಿ ದೇವಾಲಯಕ್ಕೆ ಬರಬೇಕಾದ ಹಂಗು ಯಾರಿಗೂ ಇರಲಿಲ್ಲ. ಆದರೂ ಸಭೆ ಚದರಲಿಲ್ಲ. ಈ ನೆಲದವರೇ ಆದ ಸಭಾಪಾಲಕರು ಹೊಣೆ ಹೊತ್ತರು. ಕನ್ನಡದಲ್ಲಿ, ತುಳುವಿನಲ್ಲಿ ಪ್ರಾರ್ಥನೆ ನಡೆದೇ ಇತ್ತು. ಮುಂದೆ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆಯಾಯಿತು. ನಮ್ಮ ಕರಾವಳಿಯ ಬಾಸೆಲ್ ಸಭೆಗಳೂ ಆಮೇಲೆ ಅದರೊಡನೆ ಬೆರೆತವು.

ಕಾರ್ಖಾನೆ ಕಟ್ಟಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಹಸಿದವನಿಗೆ ದುಡಿಮೆ ಕೊಡದ ಉಪದೇಶ ಬರಿಯ ಮಾತು. ಆದರೆ ಅನ್ನ ಕೊಟ್ಟವನು ಅದರಿಂದಲೇ ಮನಸ್ಸನ್ನೂ ಕೊಂಡೆನೆಂದು ಭಾವಿಸಬಾರದು. ಇಂದಿನ ಸಭೆಗಳಿಗೆ ಹೆಂಚಿನ ಚಿಂತೆಯಿಲ್ಲ. ಕಾಲೇಜು, ಆಸ್ಪತ್ರೆ, ನಿವೇಶನ, ಆಡಳಿತ ಮಂಡಳಿಯ ಚುನಾವಣೆ, ನ್ಯಾಯಾಲಯದ ವ್ಯಾಜ್ಯಗಳ ಚಿಂತೆಯಿದೆ. ಇವುಗಳ ಲೆಕ್ಕಪತ್ರ ನೋಡುವುದೂ ಅಗತ್ಯದ ಕೆಲಸವೇ. ಆದರೆ ಇವೆಲ್ಲವನ್ನೂ ನಾಳೆ ಯಾರಾದರೂ ಕಸಿದುಕೊಂಡರೆ ಮುಂದಿನ ಭಾನುವಾರ ಎಷ್ಟು ಮಂದಿ ಬಂದು ಕೂಡುವರು? ಜೆಪ್ಪುವಿನ ಕೂಲಿಕಾರರು ಒಮ್ಮೆ ಉತ್ತರಿಸಿದ ಈ ಪ್ರಶ್ನೆಯನ್ನು ಯಾವ ಮತದವರಾದರೂ ತಮ್ಮ ಮಠ, ಮಂದಿರ, ಮಸೀದಿಗಳಲ್ಲಿ ಆಗಾಗ ಕೇಳಿಕೊಳ್ಳುವುದು ಒಳ್ಳೆಯದು.