ದಂಡಿನ ತಟ್ಟೆ, ನಮ್ಮ ಹೊಲ

ಕಳೆದ ಸಂಕ್ರಾಂತಿಗೆ ಒಂದು ವಾರ ಮುಂಚೆ ಮೂರು ಚೀಲ ಅವರೆಕಾಯಿ ಗಾಡಿಗೆ ಹಾಕ್ಕೊಂಡು ಬೆಳಗಿನ ಜಾವ ಹೊರಟಿದ್ದೆ. ತರಕಾರಿ ಕೊಳ್ಳುವ ಒಂದು ಕಂಪನಿಯ ಸೆಂಟರ್‌ನಲ್ಲಿ ಒಂದು ಚೀಲ ಸುರಿದು ನೋಡಿದ ಹುಡುಗ, "ಸೈಜ್ ಒಂದೇ ಸಮ ಇಲ್ಲ, ಅಲ್ಲೊಂದು ಇಲ್ಲೊಂದು ಹುಳ ಇದೆ, ಬೇಡ" ಅಂದ. ಔಷಧಿ ಹೊಡೆಯದ ಅವರೆಯಲ್ಲಿ ಹುಳ ಇರದೆ ಇನ್ನೇನಿರುತ್ತೆ? ವಾಪಸ್ ತುಂಬಿಕೊಂಡು, ಹೆಣ್ಣೂರು ರೋಡ್ ಹಿಡಿದು ಲಿಂಗರಾಜಪುರಕ್ಕೆ ಬಂದೆ. ಅಲ್ಲಿ ನಮ್ಮ ಭಾವಮೈದ ಹೇಳಿದ್ದ ಒಂದು ಮೆಸ್ ಇದೆ. ಆರು ಟೇಬಲ್ಲು, ಮಧ್ಯಾಹ್ನ ಮುದ್ದೆ ಊಟ, ಭಾನುವಾರ ನಾಟಿ ಕೋಳಿ ಸಾರು.

ಮೆಸ್ ನಡೆಸೋ ಅಕ್ಕ ಮಾಲೂರು ಕಡೆಯವರು. ಒಂದು ಕಾಯಿ ತೆಗೆದು ಬೆರಳಲ್ಲಿ ಉಜ್ಜಿ ಮೂಗಿಗೆ ಹಿಡಿದರು. "ಇದು ಸೊಗಡವರೆ ಕಣಣ್ಣ. ಕೈಗೆ ಅಂಟ್ತಾ ಇದೆ ನೋಡಿ" ಅಂದರು. ಒಂದು ಚೀಲ ಇಳಿಸಿಕೊಂಡರು. ಇನ್ನೊಂದನ್ನು ಅಕ್ಕಪಕ್ಕದ ಮನೆಯವರು ಅರ್ಧ ಗಂಟೆಯಲ್ಲಿ ಖಾಲಿ ಮಾಡಿದರು. ನನಗೆ ಒಂದು ಮುದ್ದೆ, ಹಿತಕಿದ ಬೇಳೆ ಸಾರು ಬಡಿಸಿ, ಎದುರಿಗೆ ಕೂತು ಕೇಳಿದರು: "ಇಷ್ಟು ಹತ್ರ ಇದೀರ, ನಿಮ್ ಕಡೆಯೋರು ಇದನ್ನ ಬೆಳೆಯೋದು ಯಾಕ್ ಬಿಟ್ಬಿಟ್ರಿ?"

ಆವತ್ತು ಏನೋ ಹೇಳಿ ಎದ್ದು ಬಂದೆ. ಆಮೇಲೆ ಅದೇ ತಲೆಯಲ್ಲಿ ಕೊರೀತಾ ಇತ್ತು. ಅದಕ್ಕೇ ಈ ಬರಹ, ಸ್ವಲ್ಪ ಉದ್ದ ಆಗುತ್ತೆ.

1800ರಲ್ಲಿ ಫ್ರಾನ್ಸಿಸ್ ಬುಕಾನನ್ ಅನ್ನೋ ಡಾಕ್ಟರ್ ಮದ್ರಾಸಿನಿಂದ ಹೊರಟು, ಘಾಟಿ ಹತ್ತಿ, ಪೂರ್ವದ ಕಡೆಯಿಂದ ಬೆಂಗಳೂರಿಗೆ ಬಂದ. ಟಿಪ್ಪು ಸತ್ತು ಒಂದು ವರ್ಷ ಆಗಿತ್ತು. ಗೆದ್ದ ಸೀಮೆಯಲ್ಲಿ ಏನು ಬೆಳೆಯುತ್ತೆ, ಹೆಂಗೆ ಬೆಳೆಯುತ್ತಾರೆ ಅಂತ ಬರೆದುಕೊಂಡು ಬಾ ಅಂತ ಕಂಪನಿಯವರು ಕಳಿಸಿದ್ದರು. ಅವನ ಪುಸ್ತಕ ಅಚ್ಚಾಗಿದ್ದು 1807ರಲ್ಲಿ. ಅದರಲ್ಲಿ ನಮ್ಮ ರಾಗಿ ಹೊಲದ ವಿವರ ಇದೆ. ಕೂರಿಗೆಯಲ್ಲಿ ರಾಗಿ ಬಿತ್ತುವುದು, ಕೂರಿಗೆ ಹಿಂದೆ ಬಿದಿರಿನ ಕೊಳವೆ ಕಟ್ಟಿ ಅವರೆಯನ್ನೋ ತೊಗರಿಯನ್ನೋ ಸಾಲಿಗೆ ಬಿಡುವುದು, ಹಗೇವಿನಲ್ಲಿ ರಾಗಿ ತುಂಬಿಡುವುದು. ನಾವು ಅಕ್ಕಡಿ ಸಾಲು ಅಂತೀವಲ್ಲ, ಅದೇ. ನಮ್ಮ ತಾತ ಮಾಡ್ತಿದ್ದದ್ದು ಅದೇ, ನಾನು ಚಿಕ್ಕವನಿದ್ದಾಗ ಅಪ್ಪ ಮಾಡ್ತಿದ್ದದ್ದೂ ಅದೇ. ರಾಗಿ, ನಡುವೆ ಅವರೆ, ಬದುವಿನ ಕಡೆ ಹುಚ್ಚೆಳ್ಳು, ಒಂದೆರಡು ಸಾಲು ಜೋಳ, ಸಾಸಿವೆ. ಒಂದೇ ಹೊಲದಲ್ಲಿ ಮುದ್ದೆಗೂ ಸಾರಿಗೂ ಒಗ್ಗರಣೆ ಎಣ್ಣೆಗೂ ದನದ ಮೇವಿಗೂ ಆಗಿಬಿಡೋದು. ರಾಗಿ ಕೊಯ್ದ ಮೇಲೆ ಅವರೆ ಒಂದೇ ನಿಂತುಕೊಂಡು ಧನುರ್ಮಾಸದ ಇಬ್ಬನಿ ಕುಡಿಯೋದು.

ಆ ಹೊಲ ಬದಲಾಗೋಕೆ ಶುರುವಾಗಿದ್ದು ದಂಡಿನಿಂದ. ಶ್ರೀರಂಗಪಟ್ಟಣದಲ್ಲಿ ಸೊಳ್ಳೆ, ಜ್ವರ ತಡೆಯೋಕಾಗದೆ ಬ್ರಿಟಿಷರು ಸೈನ್ಯವನ್ನು ಬೆಂಗಳೂರಿಗೆ ತಂದರು. 1809ರ ಹೊತ್ತಿಗೆ ಹಲಸೂರಿನಲ್ಲಿ ದಂಡು ನೆಲೆ ನಿಂತಿತು. ಈಗಲೂ ಕಂಟೋನ್ಮೆಂಟ್ ಸ್ಟೇಷನ್ನಿಗೆ ದಂಡು ಸ್ಟೇಷನ್ ಅಂತೀವಿ, ಶಿವಾಜಿನಗರದಲ್ಲಿ ದಂಡು ಮಾರಮ್ಮ ಇದ್ದಾಳೆ. 1881ರಲ್ಲಿ ರಾಜ್ಯವನ್ನು ಮೈಸೂರು ಒಡೆಯರಿಗೆ ವಾಪಸ್ ಕೊಟ್ಟರೂ ದಂಡನ್ನು ಮಾತ್ರ ಬ್ರಿಟಿಷರು ತಮ್ಮ ಕೈಯಲ್ಲೇ ಇಟ್ಟುಕೊಂಡರು. ಅದು ಮೈಸೂರಿಗೆ ಸೇರಿದ್ದು 1947ರಲ್ಲಿ.

ಸಾವಿರಾರು ಸಿಪಾಯಿಗಳು, ಅವರ ಹಿಂದೆ ಅಡುಗೆಯವರು, ಬೇಕರಿಯವರು, ಕಸಾಯಿಯವರು, ಕುದುರೆ ನೋಡಿಕೊಳ್ಳುವವರು. ಆರ್ಕಾಟು ಕಡೆಯಿಂದ ತಮಿಳರು, ಮುಸಲ್ಮಾನರು. ಇವರಿಗೆಲ್ಲ ದಿನಾ ಊಟ ಬೇಕು. ಸಾಹೇಬರಿಗೆ ನಮ್ಮ ರಾಗಿ ಅವರೆ ಹಿಡಿಸಲಿಲ್ಲ. ಅವರಿಗೆ ಬೇಕಾಗಿದ್ದು ಆಲೂಗೆಡ್ಡೆ, ಕೋಸು, ಹೂಕೋಸು, ಬಟಾಣಿ, ಕ್ಯಾರೆಟ್ಟು, ಬೀಟ್ರೂಟು. ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದ ನಮ್ಮ ತಂಪು ಹವೆಗೆ ಇವೆಲ್ಲ ಚೆನ್ನಾಗಿ ಬಂದವು. ಕೆರೆ ಕೆಳಗಿನ ಭೂಮಿ, ಬಾವಿಗೆ ಕಪಿಲೆ ಕಟ್ಟಿದ ತೋಟ ಇದ್ದವರು ಇವನ್ನು ಹಾಕೋಕೆ ಶುರುಮಾಡಿದರು. ತೋಟಗಾರಿಕೆಯಲ್ಲಿ ತಿಗಳರು ಮುಂದಿದ್ದರು, ಅದು ಎಲ್ಲರಿಗೂ ಗೊತ್ತಿರೋದೇ.

ಹೆಸರು ನೋಡಿದರೇ ಇತಿಹಾಸ ಗೊತ್ತಾಗುತ್ತೆ. ಹೊರಗಿನಿಂದ ಬಂದಿದ್ದಕ್ಕೆಲ್ಲ ನಮ್ಮವರು 'ಸೀಮೆ' ಅಂತ ಸೇರಿಸಿದರು: ಸೀಮೆಎಣ್ಣೆ, ಸೀಮೆಹಸು, ಸೀಮೆಬದನೆ. ಈ ಸೀಮೆಬದನೆಯ ಮೂಲ ಮೆಕ್ಸಿಕೋ ಕಡೆ. ಇಲ್ಲಿ ಹಬ್ಬಿದ್ದು ಲಾಲ್‌ಬಾಗಿನಿಂದ, 1874ರಿಂದ 1908ರವರೆಗೆ ಅಲ್ಲಿದ್ದ ಜಾನ್ ಕ್ಯಾಮೆರಾನ್ ಕಾಲದಲ್ಲಿ. ನಮಗೆ ಅದು ಸೀಮೆಯದು, ಆದರೆ ತಮಿಳರು ಅದನ್ನು 'ಬೆಂಗಳೂರು ಕತ್ತರಿಕಾಯಿ' ಅಂತಾರೆ, ತೆಲುಗಿನವರು 'ಬೆಂಗಳೂರು ವಂಕಾಯ' ಅಂತಾರೆ. ಅವರ ಲೆಕ್ಕದಲ್ಲಿ ಅದು ನಮ್ಮೂರ ಬದನೆ! ಅಷ್ಟು ಬೆಳೆದು ಅಷ್ಟು ಕಳಿಸಿದ್ದಾರೆ ನಮ್ಮ ಹಿರಿಯರು. 1864ರಲ್ಲಿ ಮದ್ರಾಸ್ ಕಡೆಯ ರೈಲು ದಂಡಿಗೆ ಬಂದಮೇಲೆ ಕಳಿಸೋದು ಸುಲಭವೂ ಆಯ್ತು.

1898ರಲ್ಲಿ ಪ್ಲೇಗ್ ಬಂತು. ಇಕ್ಕಟ್ಟಿನ ಬೀದಿಗಳಿಂದ ಜನರನ್ನು ಹೊರಗೆ ಕರೆತರಬೇಕಾಯ್ತು. ಅದರ ನಂತರವೇ ಫ್ರೇಜರ್ ಟೌನ್, ಕುಕ್ ಟೌನ್, ರಿಚರ್ಡ್ಸ್ ಟೌನ್ ಎಲ್ಲ ಬೆಳೆದಿದ್ದು. ಅದರ ಅಂಚಿಗೆ ಲಿಂಗರಾಜಪುರ, ಆಚೆಗೆ ಕಮ್ಮನಹಳ್ಳಿ, ಹೆಣ್ಣೂರು, ಬಾಣಸವಾಡಿ. ಇವೆಲ್ಲ ಆಗ ನಮ್ಮ ಹಳ್ಳಿಗಳ ಥರದ್ದೇ ಹಳ್ಳಿಗಳು. ಅಲ್ಲಿನ ಕೆರೆ ನೀರು ಕುಡಿದ ಸೊಪ್ಪು ತರಕಾರಿ ಈ ಟೌನುಗಳ ತಟ್ಟೆಗೆ ಹೋಗೋದು. 1927ರಲ್ಲಿ ರಸೆಲ್ ಮಾರ್ಕೆಟ್ ಕಟ್ಟಿದಮೇಲೆ ನಮ್ಮ ಕಡೆಯ ಎತ್ತಿನಗಾಡಿಗಳಿಗೆ ಒಂದು ವಿಳಾಸ ಸಿಕ್ಕಿತು. ನಮ್ಮ ತಾತ ನಡುರಾತ್ರಿ ಗಾಡಿ ಕಟ್ಟಿ, ಗಾಡಿ ಕೆಳಗೆ ಲಾಂದ್ರ ತೂಗುಹಾಕಿ ಮಲಗಿಬಿಡೋರಂತೆ. ಎತ್ತುಗಳೇ ದಾರಿ ಹಿಡಿದು ಹೋಗಿ ಮಾರ್ಕೆಟ್ ಹತ್ರ ನಿಲ್ಲೋವಂತೆ. ಈಗ ಲಿಂಗರಾಜಪುರ ಫ್ಲೈಓವರ್ ಮೇಲೆ ಸಿಕ್ಕಿಹಾಕ್ಕೊಂಡಾಗೆಲ್ಲ ನನಗೆ ಆ ಎತ್ತುಗಳೇ ನೆನಪಾಗ್ತವೆ.

ದ್ರಾಕ್ಷಿಯ ಕಥೆ ಬೇರೆ ಥರದ್ದು, ಅದನ್ನ ಹೇಳಲೇಬೇಕು. ಕುಕ್ ಟೌನ್, ಲಿಂಗರಾಜಪುರದ ಕಡೆ ಆಂಗ್ಲೋ ಇಂಡಿಯನ್ ಮನೆಗಳು ಮುಂಚಿನಿಂದ ಇವೆ. ಅವರ ಅಡುಗೆ ಪೂರಾ ಸಾಹೇಬರದ್ದೂ ಅಲ್ಲ, ಪೂರಾ ನಮ್ಮದೂ ಅಲ್ಲ. ನಮ್ಮ ಸಾರನ್ನೇ ಹೋಲುವ ಪೆಪ್ಪರ್ ವಾಟರ್, ತೆಂಗಿನಹಾಲಲ್ಲಿ ಬೇಯಿಸಿದ ಯೆಲ್ಲೋ ರೈಸ್, ಅದಕ್ಕೆ ಕೈಮಾ ಉಂಡೆಯ ಬಾಲ್ ಕರಿ. ಕ್ರಿಸ್‌ಮಸ್ಸಿಗೆ ಮನೆಯಲ್ಲೇ ಜಾಡಿಯಲ್ಲಿ ದ್ರಾಕ್ಷಿ ಹಾಕಿ ವೈನ್ ಇಳಿಸುತ್ತಾರೆ. ಅದಕ್ಕೆ ಅವರು ಕೇಳೋದು ಬೆಂಗಳೂರು ಬ್ಲೂ. ಬೀಜ ಇರೋದು, ಸಿಪ್ಪೆ ಹಿಚುಕಿದರೆ ತಿರುಳು ಪುಳಕ್ ಅಂತ ಹೊರಗೆ ಬರೋದು, ಘಮ್ ಅನ್ನೋದು. ಇದರ ಮೂಲ ಅಮೆರಿಕದ ಇಸಬೆಲ್ಲಾ ತಳಿ. ಸೀಡ್‌ಲೆಸ್ ಬಂದಮೇಲೆ ತಿನ್ನೋ ಹಣ್ಣಾಗಿ ಇದಕ್ಕೆ ಬೆಲೆ ಕಡಿಮೆಯಾಯ್ತು, ಜ್ಯೂಸಿಗೆ ಹೋಗೋದೇ ಜಾಸ್ತಿ. ಆದರೂ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಚಪ್ಪರಗಳು ಉಳಿದವು. 2013ರಲ್ಲಿ ಜಿಐ ಟ್ಯಾಗೂ ಸಿಕ್ಕಿತು. ಮೆಸ್ ಅಕ್ಕನ ಪಕ್ಕದ ಮನೆಯ ಅಜ್ಜಿಯೊಬ್ಬರು ಅವತ್ತು ಅವರೆ ಕೊಳ್ಳೋಕೆ ಬಂದವರು ನನ್ನನ್ನು ಕೇಳಿದ್ದು ಇಷ್ಟೇ: "ನೆಕ್ಸ್ಟ್ ಇಯರ್ ಬ್ಲೂ ಗ್ರೇಪ್ಸ್ ತರ್ತೀರಾ? ಸೀಡ್‌ಲೆಸ್ ಬೇಡ." ಇಂಥ ಗಿರಾಕಿ ಇದ್ದರೆ ಒಂದು ತಳಿ ಉಳಿಯುತ್ತೆ. ನಮ್ಮ ಗುಲಾಬಿ ಈರುಳ್ಳಿಗೆ ಆ ಭಾಗ್ಯ ಇಲ್ಲ. ಅದೂ ಜಿಐ ಬೆಳೆಯೇ, ಆದರೆ ಮಲೇಷ್ಯಾ ಸಿಂಗಾಪುರದವರು ತಿಂತಾರೆ, ನಾವು ತಿನ್ನಲ್ಲ. ರಫ್ತು ನಿಲ್ಲಿಸಿದ ದಿನ ನಮ್ಮ ಕಥೆ ಮುಗೀತು.

ಇನ್ನು ರಾಗಿಗೆ ಬರೋಣ. ಊರಲ್ಲಿ ಹೋಟೆಲುಗಳು ಎರಡು ಜಾತಿಯಾಗಿ ಬೆಳೆದವು. ಇಡ್ಲಿ ದೋಸೆ ಕಾಫಿಯ ಉಡುಪಿ, ಬ್ರಾಹ್ಮಣರ ಹೋಟೆಲುಗಳು ಒಂದು ಕಡೆ, ಮಾಂಸ ಸಿಗೋ ಮಿಲಿಟರಿ ಹೋಟೆಲುಗಳು ಇನ್ನೊಂದು ಕಡೆ. ಮಿಲಿಟರಿ ಅನ್ನೋ ಹೆಸರು ಹೆಂಗೆ ಬಂತು ಅನ್ನೋದಕ್ಕೆ ಒಬ್ಬೊಬ್ಬರು ಒಂದೊಂದು ಕಥೆ ಹೇಳ್ತಾರೆ, ಅದು ಬಿಡಿ. ನನ್ನ ಲೆಕ್ಕದಲ್ಲಿ ಮುದ್ದೆಗೆ ಸಿಟಿಯಲ್ಲಿ ಮರ್ಯಾದೆ ಉಳಿಸಿದ್ದು ಈ ಮಿಲಿಟರಿ ಹೋಟೆಲುಗಳೇ. ರಾಗಿ ಅಂದ್ರೆ ಕೂಲಿಯವರ ಊಟ ಅಂತ ಮೂಗು ಮುರಿಯೋ ಕಾಲದಲ್ಲೂ ಅಲ್ಲಿ ತಲೆಮಾಂಸ, ಕಾಲ್ಸೂಪಿನ ಜೊತೆ ಮುದ್ದೆ ತಟ್ಟೆಗೆ ಬೀಳ್ತಿತ್ತು. ಈಗ ಡಯಾಬಿಟಿಸ್ ಬಂದಮೇಲೆ ಎಲ್ಲರಿಗೂ ರಾಗಿ ಬೇಕು. 2023ನ್ನು ವಿಶ್ವಸಂಸ್ಥೆಯವರು ಸಿರಿಧಾನ್ಯ ವರ್ಷ ಅಂತ ಬೇರೆ ಮಾಡಿದರು.

ರಾಗಿ ಬೆಳೆ ಉಳಿದಿದ್ದಕ್ಕೆ ಇನ್ನೊಬ್ಬರನ್ನ ನೆನೀಬೇಕು, ಮಂಡ್ಯದ ವಿ.ಸಿ. ಫಾರಂನಲ್ಲಿ ಕೆಲಸ ಮಾಡಿದ ರಾಗಿ ಲಕ್ಷ್ಮಣಯ್ಯನವರು. ನಮ್ಮ ರಾಗಿಗೂ ಆಫ್ರಿಕಾ ರಾಗಿಗೂ ಕಸಿ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾ ಮತ್ತು ಆಫ್ರಿಕಾ ಸೇರಿ ಇಂಡಾಫ್. ಇಳುವರಿ ಏರಿತು. ಆದರೆ ರಾಗಿ ಉಳಿದರೂ ಅಕ್ಕಡಿ ಉಳಿಯಲಿಲ್ಲ. ಎಂಬತ್ತರ ದಶಕದಲ್ಲಿ ನಮ್ಮ ಹೊಸಕೋಟೆ, ಕೋಲಾರದ ಬೆದ್ದಲಿಗೆಲ್ಲ ನೀಲಗಿರಿ ಬಂತು. ಕೂಲಿ ಸಿಗದವನಿಗೆ, ಸಿಟಿಗೆ ಕೆಲಸಕ್ಕೆ ಹೋಗುವವನಿಗೆ ಅದು ಸುಲಭ ಅನ್ನಿಸಿತು. ನಮ್ಮ ಮನೆಯಲ್ಲೂ ಎರಡು ಎಕರೆ ಹಾಕಿದ್ದೆವು, ತಪ್ಪು ಮುಚ್ಚಿಡಲ್ಲ. ಆಮೇಲೆ ಟ್ರ್ಯಾಕ್ಟರ್, ಕಟಾವು ಮೆಷಿನ್ನು. ಮೆಷಿನ್ನಿಗೆ ನಡುವೆ ಅವರೆ ಇದ್ದರೆ ಆಗಲ್ಲ. ಅವರೆ ಹೋಯ್ತು, ಅದರ ಜೊತೆ ಹುಚ್ಚೆಳ್ಳೂ ಹೋಯ್ತು.

ಅವರೆಗೂ ಹೊಸ ತಳಿ ಬಂದವು. ಹೆಬ್ಬಾಳದ ವಿಶ್ವವಿದ್ಯಾಲಯದವರ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4. ಒಳ್ಳೆ ತಳಿಗಳು, ಬೈಯೋ ಕಾರಣವಿಲ್ಲ. ಗಿಡ್ಡ ಗಿಡ, ಬೇಗ ಕಾಯಿ, ವರ್ಷದಲ್ಲಿ ಯಾವಾಗ ಹಾಕಿದರೂ ಬರುತ್ತೆ. ಹಳೇ ಸೊಗಡವರೆ ಹಂಗಲ್ಲ. ಜೂನಲ್ಲಿ ಹಾಕಿ, ಆಗಸ್ಟಲ್ಲಿ ಹಾಕಿ, ಹಗಲು ಮೋಟಾಗಿ ಚಳಿ ಬೀಳೋವರೆಗೂ ಅದು ಹೂ ಬಿಡಲ್ಲ. ಎಲ್ಲರದ್ದೂ ಒಟ್ಟಿಗೇ ಬರುತ್ತೆ, ಡಿಸೆಂಬರ್ ಜನವರಿಯಲ್ಲಿ ಬೆಲೆ ಬಿದ್ದುಹೋಗುತ್ತೆ. ಆದರೆ ಸಿಪ್ಪೆ ಮೇಲೆ ಆ ಅಂಟು ಎಣ್ಣೆ, ಆ ವಾಸನೆ ಬರೋದು ಅದಕ್ಕೇ. ಮೆಸ್ ಅಕ್ಕನ ಮಾತಲ್ಲಿ ಹೇಳೋದಾದ್ರೆ, "ಎಲ್ಲಾ ಕಾಲದ ಅವರೆ ಹಾಕಿ ಸಾರು ಮಾಡಿದ್ರೆ ಗಿರಾಕಿ ತಿಂತಾನೆ, ಏನೂ ಅನ್ನಲ್ಲ. ಸೊಗಡು ಹಾಕಿದ ದಿನ ಕೈ ಮೂಸ್ಕೊಂಡು ಹೋಗ್ತಾನೆ, ನಾಳೆ ಇನ್ನಿಬ್ಬರನ್ನ ಕರ್ಕೊಂಡು ಬರ್ತಾನೆ."

ಫೆಬ್ರವರಿಯಲ್ಲಿ ಮತ್ತೆ ಹೋದಾಗ ಅವರ ಪ್ರಶ್ನೆಗೆ ನಾನು ಹೇಳಿದ್ದು ಇದು: "ನಾವಾಗೇ ಬಿಡಲಿಲ್ಲಕ್ಕ. ನಮ್ಮ ಹೊಲದಲ್ಲಿ ಏನಿರಬೇಕು ಅಂತ ಇನ್ನೂರು ವರ್ಷದಿಂದ ಹೇಳ್ತಾ ಬಂದಿರೋದು ನಿಮ್ಮ ಈ ದಂಡಿನ ತಟ್ಟೆ. ಸಾಹೇಬರು ಕೋಸು ಕೇಳಿದ್ರು, ಕೊಟ್ವಿ. ಒಂದೇ ಸೈಜಿನ ಟೊಮೆಟೊ ಕೇಳಿದ್ರು, ಕೊಟ್ವಿ. ಅವರೆ ಕೇಳೋರು ಸುಮ್ಮನಾದ್ರು." ಅಕ್ಕ ನಕ್ಕರು. "ಈಗ ನಾನ್ ಕೇಳ್ತಾ ಇದೀನಲ್ಲ" ಅಂದರು.

ಅವರು ಕೇಳಿದ ಲೆಕ್ಕ ಇಲ್ಲಿ ಹಾಕ್ತೀನಿ, ನೀವೂ ನೋಡಿ. ಸೀಸನ್ನಿನಲ್ಲಿ ದಿನಕ್ಕೆ 15 ಕೆಜಿ ಕಾಯಿ, ಅದಕ್ಕಿಂತ ಹೆಚ್ಚು ಬೇಡ. ಒಣಗಿದ ಅವರೆ ವರ್ಷವಿಡೀ ಸ್ವಲ್ಪ ಸ್ವಲ್ಪ. ತಿಂಗಳಿಗೆ ಎರಡು ಕ್ವಿಂಟಲ್ ರಾಗಿ, ಅದೂ ಒಂದು ವರ್ಷ ಹಳೇದಿರಬೇಕು, ಹೊಸ ರಾಗಿ ಮುದ್ದೆ ಅವರಿಗೆ ಹಿಡಿಸಲ್ಲವಂತೆ. 2025-26ಕ್ಕೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್ಲಿಗೆ 4886 ರೂಪಾಯಿ. ಅದರ ಮೇಲೆ ಕೆಜಿಗೆ ಹತ್ತು ರೂಪಾಯಿ ಸೇರಿಸಿ ಕೊಡ್ತೀನಿ ಅಂದಿದ್ದಾರೆ, ಕಲ್ಲು ಆರಿಸಿ, ತೊಳೆದು ಒಣಗಿಸಿ ಕೊಟ್ಟರೆ. ದುಡ್ಡು ವಾರಕ್ಕೊಂದು ಸಲ ಕೈಗೆ.

ಇದರಲ್ಲಿ ಶ್ರೀಮಂತರಾಗೋದು ಏನಿಲ್ಲ. ಒಂದು ಮೆಸ್ಸು ನನ್ನ ಒಂದು ಎಕರೆ ಅವರೆಯನ್ನೂ ಪೂರ್ತಿ ತಿನ್ನಲ್ಲ. ಜನವರಿ ಮೂರನೇ ವಾರ ಎಲ್ಲರ ಮನೆಯಲ್ಲೂ ರಾಶಿ ಬೀಳುತ್ತೆ, ಆಗ ಇವರು 15 ಕೆಜಿ ಅಂದ್ರೆ ಉಳಿದದ್ದು ಮತ್ತೆ ಮಂಡಿಗೇ. ಆದರೆ ಲಿಂಗರಾಜಪುರ, ಕಮ್ಮನಹಳ್ಳಿ, ಬಾಣಸವಾಡಿ ಸುತ್ತ ಇಂಥ ಸಣ್ಣ ಮೆಸ್ಸುಗಳು ಎಷ್ಟಿವೆ ಅಂತ ಒಂದು ಭಾನುವಾರ ಸುತ್ತಿ ನೋಡಿದೆ. ಮುದ್ದೆ ಮಾಡೋವು ನನ್ನ ಕಣ್ಣಿಗೆ ಬಿದ್ದಿದ್ದೇ ಹನ್ನೊಂದು. ಅದರಲ್ಲಿ ನಾಲ್ಕು ಕಡೆ ಒಳಗೆ ಹೋಗಿ ಮಾತಾಡಿದೆ. ಮೂವರು ರಾಗಿ ಸ್ಯಾಂಪಲ್ ತನ್ನಿ ಅಂದರು, ಒಬ್ಬರು ಪ್ಯಾಕೆಟ್ ಹಿಟ್ಟೇ ಸಾಕು ಅಂದರು.

ಈ ಮುಂಗಾರಿಗೆ ನಾನು ನೀಲಗಿರಿ ಕಿತ್ತ ಎರಡು ಎಕರೆಗೆ ರಾಗಿ, ನಡುವೆ ಅಕ್ಕಡಿ ಹಾಕ್ತಾ ಇದೀನಿ. ಮೆಷಿನ್ ಬೇಡ, ಕುಡುಗೋಲಲ್ಲೇ ಕೊಯ್ಯೋದು, ಕೂಲಿ ಹೆಂಗೋ ಮುಯ್ಯಾಳಲ್ಲಿ ಹೊಂದಿಸ್ಕೋಬೇಕು. ಸೊಗಡವರೆ ಬೀಜ ನನ್ನ ಹತ್ರ ಎಂಟು ಕೆಜಿ ಇದೆ, ಬೇಕಾದವರು ಬಂದು ತಗೊಳ್ಳಿ, ಬೆಳೆದ ಮೇಲೆ ಅಷ್ಟೇ ವಾಪಸ್ ಕೊಟ್ಟರೆ ಸಾಕು. ನನಗೆ ಸಿಗದೆ ಇರೋದು ಹುಚ್ಚೆಳ್ಳು. ನಮ್ಮ ಹೋಬಳಿಯಲ್ಲಿ ಯಾರ ಮನೆ ಅಟ್ಟದ ಮೇಲಾದರೂ ಒಂದು ಸೇರು ಹಳೇ ಬೀಜ ಉಳಿದಿದ್ದರೆ ತಿಳಿಸಿ. ಈ ತಿಂಗಳು ಮುಗಿಯೋದರೊಳಗೆ ಬೇಕು.