ಯಾವ ಮಾತ್ರೆ ಯಾರಿಗೆ? ಈ ಪ್ರಶ್ನೆ ಹುಟ್ಟಿದ ಕಥೆ

ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ಬಗೆಯ ಗರ್ಭನಿರೋಧಕ ಮಾತ್ರೆ ಉಚಿತವಾಗಿ ಸಿಗುತ್ತವೆ. ಮಾಲಾ-ಎನ್ ದಿನಾ ನುಂಗುವುದು, ಛಾಯಾ ವಾರದ ಲೆಕ್ಕದಲ್ಲಿ ನುಂಗುವುದು. ಆಶಾ ಕಾರ್ಯಕರ್ತೆಯರ ಚೀಲದಲ್ಲೂ ಇವು ಇರುತ್ತವೆ. ಆದರೂ ನಮ್ಮ ಊರುಗಳಲ್ಲಿ ಎರಡೇ ಮಾತು ಕೇಳುತ್ತೇವೆ. ಒಂದು, "ಮಾತ್ರೆ ಉಷ್ಣ, ಬೇಡ". ಇನ್ನೊಂದು, "ಪಕ್ಕದ ಮನೆಯವಳಿಗೆ ಒಗ್ಗಿದೆ, ನಿನಗೂ ಒಗ್ಗುತ್ತೆ ತಗೋ". ಈ ಎರಡು ಮಾತಿನ ನಡುವೆ "ನನಗೆ ಯಾವುದು ಸರಿ?" ಎಂಬ ಪ್ರಶ್ನೆ ಕಳೆದುಹೋಗುತ್ತದೆ. ಆ ಪ್ರಶ್ನೆಯನ್ನು ವೈದ್ಯಲೋಕ ಸುಮ್ಮನೆ ಕೊಟ್ಟಿದ್ದಲ್ಲ. ಹೆಂಗಸರು ಕೇಳಿ ಕೇಳಿ ಪಡೆದಿದ್ದು.

ನಮ್ಮ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರ ತೆರೆಯಲು ಆದೇಶ ಮಾಡಿತ್ತು. ಆಗ ಮಾತ್ರೆ ಎಂಬುದೇ ಇರಲಿಲ್ಲ. ಅದು ಬಂದಿದ್ದು ಸುಮಾರು ಮೂವತ್ತು ವರ್ಷಗಳ ನಂತರ, ಅಮೆರಿಕದಿಂದ.

ಆ ಮಾತ್ರೆಯ ದೊಡ್ಡ ಪರೀಕ್ಷೆ 1956ರಲ್ಲಿ ಶುರುವಾಯಿತು. ನಡೆದದ್ದು ಅಮೆರಿಕದ ಹಿಡಿತದಲ್ಲಿದ್ದ ಪೋರ್ಟೊ ರಿಕೊ ದ್ವೀಪದ ಬಡ ಹೆಂಗಸರ ಮೇಲೆ. ಇದು ಇನ್ನೂ ಪರೀಕ್ಷೆಯಲ್ಲಿರುವ ಔಷಧ ಎಂದು ಅವರಿಗೆ ಸರಿಯಾಗಿ ಹೇಳಿರಲಿಲ್ಲ. ಅಲ್ಲಿ ಮೇಲ್ವಿಚಾರಣೆ ಮಾಡಿದ ವೈದ್ಯೆ ಎಡ್ರಿಸ್ ರೈಸ್-ರೇ. ಮಾತ್ರೆ ಗರ್ಭ ತಡೆಯುತ್ತದೆ, ನಿಜ. ಆದರೆ ನುಂಗಿದವರಲ್ಲಿ 17 ಶೇಕಡಾ ಮಂದಿಗೆ ವಾಕರಿಕೆ, ತಲೆಸುತ್ತು, ತಲೆನೋವು, ಹೊಟ್ಟೆನೋವು ಬಂದಿದೆ, ಎಲ್ಲರಿಗೂ ಕೊಡುವಂಥದ್ದಲ್ಲ ಎಂದು ಅವರು ವರದಿ ಕೊಟ್ಟರು. ಪರೀಕ್ಷೆಯ ಮುಖ್ಯಸ್ಥ ಗ್ರೆಗರಿ ಪಿಂಕಸ್ ಇದಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ. ತೊಂದರೆಗಳಲ್ಲಿ ಬಹುಪಾಲು ಮನಸ್ಸಿನದು ಎಂದುಕೊಂಡರು.

1960ರಲ್ಲಿ ಅದೇ ಮಾತ್ರೆ ಎನೋವಿಡ್ ಎಂಬ ಹೆಸರಿನಲ್ಲಿ ಗರ್ಭನಿರೋಧಕವಾಗಿ ಒಪ್ಪಿಗೆ ಪಡೆಯಿತು. ಅದರಲ್ಲಿದ್ದ ಈಸ್ಟ್ರೊಜೆನ್ ಹಾರ್ಮೋನು 150 ಮೈಕ್ರೊಗ್ರಾಂ. ಮರುವರ್ಷವೇ ಅದನ್ನು ನುಂಗುತ್ತಿದ್ದ ಒಬ್ಬ ನರ್ಸ್‌ಗೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದನ್ನು ಇಂಗ್ಲೆಂಡಿನ ಒಬ್ಬ ವೈದ್ಯರು ವರದಿ ಮಾಡಿದರು. ಇಂಥ ವರದಿಗಳು ಹೆಚ್ಚಿದವು. ಈಸ್ಟ್ರೊಜೆನ್ ಜಾಸ್ತಿಯಾದಷ್ಟೂ ಹೆಪ್ಪುಗಟ್ಟುವ ಅಪಾಯ ಜಾಸ್ತಿ ಎಂಬುದು ಗೊತ್ತಾಯಿತು. 1969ರ ಕೊನೆಗೆ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ, 50 ಮೈಕ್ರೊಗ್ರಾಂಗಿಂತ ಹೆಚ್ಚಿರುವ ಮಾತ್ರೆ ಕೊಡಬೇಡಿ ಎಂದು ವೈದ್ಯರಿಗೆ ಸಲಹೆ ನೀಡಿತು.

1970ರ ಜನವರಿಯಲ್ಲಿ ಅಮೆರಿಕದ ಸಂಸತ್ತಿನಲ್ಲಿ ಮಾತ್ರೆಯ ಬಗ್ಗೆ ವಿಚಾರಣೆ ನಡೆಯಿತು. ಸಾಕ್ಷಿ ಹೇಳಲು ವೈದ್ಯರು, ವಿಜ್ಞಾನಿಗಳು ಬಂದರು. ಮಾತ್ರೆ ನುಂಗುವ ಹೆಂಗಸರನ್ನು ಕರೆಯಲೇ ಇಲ್ಲ. ಕೇಳಲು ಬಂದಿದ್ದ ಆಲಿಸ್ ವುಲ್ಫ್‌ಸನ್ ಮತ್ತು ಸಂಗಾತಿಗಳು ಎದ್ದು ನಿಂತು, ನಮ್ಮನ್ನೇಕೆ ಕೇಳುತ್ತಿಲ್ಲ ಎಂದು ಕೂಗಿದರು. ಆ ಗಲಾಟೆ ಟೀವಿಯಲ್ಲಿ ದೇಶಕ್ಕೆಲ್ಲ ಕಾಣಿಸಿತು. ಅದೇ ವರ್ಷ, ಮಾತ್ರೆಯ ಜೊತೆ ಅಪಾಯ ತಿಳಿಸುವ ಚೀಟಿ ಇರಲೇಬೇಕು ಎಂಬ ನಿಯಮ ಅಲ್ಲಿ ಬಂತು.

ಇತ್ತ ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ನಿತ್ಯಾ ಆನಂದ್ ಮತ್ತು ಸಂಗಡಿಗರು ಬೇರೆಯದೇ ದಾರಿ ಹಿಡಿದಿದ್ದರು. ಅವರು ಕಂಡುಹಿಡಿದ ಸೆಂಟ್‌ಕ್ರೋಮನ್‌ನಲ್ಲಿ ಹಾರ್ಮೋನು ಇಲ್ಲ. 1990ರ ದಶಕದ ಆರಂಭದಲ್ಲಿ ಅದು ಸಹೇಲಿ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 2016ರಲ್ಲಿ ಛಾಯಾ ಎಂಬ ಹೆಸರಿನಲ್ಲಿ ಸರ್ಕಾರಿ ಕಾರ್ಯಕ್ರಮ ಸೇರಿತು.

ಈಗ ಆಯ್ಕೆಯ ವಿಷಯಕ್ಕೆ ಬರೋಣ.

ಮಾಲಾ-ಎನ್ ಪಟ್ಟಿಯಲ್ಲಿ 28 ಮಾತ್ರೆ. 21ರಲ್ಲಿ ಹಾರ್ಮೋನು, ಉಳಿದ 7 ಕಬ್ಬಿಣಾಂಶದ್ದು. ಈಸ್ಟ್ರೊಜೆನ್ ಈಗ 30 ಮೈಕ್ರೊಗ್ರಾಂ ಮಾತ್ರ. ಆರೋಗ್ಯವಂತ ಹೆಂಗಸರಲ್ಲಿ ಹೆಚ್ಚಿನವರಿಗೆ ಇದು ಒಗ್ಗುತ್ತದೆ. ಆದರೆ ಬಿಪಿ ಇರುವವರು, 35 ದಾಟಿ ಬೀಡಿ-ಸಿಗರೇಟು ಸೇದುವವರು, ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಇಲ್ಲವೇ ಹೃದಯದ ಕಾಯಿಲೆ ಆದವರು, ಸ್ತನ ಕ್ಯಾನ್ಸರ್ ಬಂದವರು, ಕಣ್ಣ ಮುಂದೆ ಮಿಂಚು ಕಾಣಿಸಿ ಅರೆತಲೆನೋವು ಬರುವವರು ಇದನ್ನು ತೆಗೆದುಕೊಳ್ಳಬಾರದು. ಹಾಲುಣಿಸುವ ತಾಯಂದಿರಿಗೆ ಮಗುವಿಗೆ ಆರು ತಿಂಗಳು ತುಂಬುವವರೆಗೆ ಇದು ಬೇಡ. ಟಿಬಿಗೆ ಕೊಡುವ ರಿಫಾಂಪಿಸಿನ್ ಮತ್ತು ಕೆಲವು ಮೂರ್ಛೆರೋಗದ ಔಷಧಗಳು ಇದರ ಶಕ್ತಿ ಕುಂದಿಸುತ್ತವೆ.

ಛಾಯಾವನ್ನು ಹಾಲುಣಿಸುವವರೂ ತೆಗೆದುಕೊಳ್ಳಬಹುದು. ಮುಟ್ಟಿನ ಮೊದಲ ದಿನ ಶುರು ಮಾಡಿ, ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಕೆಲವರಿಗೆ ಮುಟ್ಟು ತಡವಾಗುತ್ತದೆ. 15 ದಿನಕ್ಕಿಂತ ತಡವಾದರೆ ಗರ್ಭ ಪರೀಕ್ಷೆ ಮಾಡಿಸಬೇಕು. ಅಂಡಾಶಯದಲ್ಲಿ ನೀರುಗುಳ್ಳೆ ಇರುವವರಿಗೆ, ಇತ್ತೀಚೆಗೆ ಕಾಮಾಲೆ ಆದವರಿಗೆ, ಟಿಬಿ ಅಥವಾ ಕಿಡ್ನಿ ಕಾಯಿಲೆ ಇರುವವರಿಗೆ ಇದು ತಕ್ಕದ್ದಲ್ಲ.

ಹಾಗಾಗಿ ಮಾತ್ರೆ ಕೈಗೆ ತೆಗೆದುಕೊಳ್ಳುವ ಮುಂಚೆ ಒಮ್ಮೆ ಬಿಪಿ ನೋಡಿಸಿ. ಈಗ ನುಂಗುತ್ತಿರುವ ಔಷಧ, ಹಿಂದಿನ ಕಾಯಿಲೆ, ಮಗುವಿನ ವಯಸ್ಸು, ಎಲ್ಲವನ್ನೂ ಸಿಸ್ಟರ್‌ಗೋ ಡಾಕ್ಟರ್‌ಗೋ ಹೇಳಿ. ಮಾಲಾ-ಎನ್ ಶುರು ಮಾಡಿದ ಮೊದಲ ಎರಡು ಮೂರು ತಿಂಗಳು ಸ್ವಲ್ಪ ವಾಕರಿಕೆ, ನಡುನಡುವೆ ರಕ್ತ ಕಾಣುವುದು ಸಾಮಾನ್ಯ. ಒಂದೇ ಕಾಲು ಊದಿ ನೋಯುವುದು, ಎದೆನೋವು, ಉಸಿರು ಕಟ್ಟುವುದು, ದಿಢೀರನೆ ಜೋರು ತಲೆನೋವು ಅಥವಾ ಕಣ್ಣು ಮಂಜಾಗುವುದು ಸಾಮಾನ್ಯವಲ್ಲ. ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ.

ಮಾತ್ರೆ ಒಗ್ಗಲಿಲ್ಲ ಎಂದು ಯಾರಾದರೂ ಹೇಳಿದರೆ ಅದನ್ನು ನಖರಾ ಎನ್ನಬೇಡಿ. ಪೋರ್ಟೊ ರಿಕೊದ ಹೆಂಗಸರಿಗೂ ಹಾಗೇ ಹೇಳಿದ್ದರು. 150 ಇದ್ದದ್ದು 30ಕ್ಕೆ ಇಳಿದಿರುವುದನ್ನು ನೋಡಿದರೆ, ಸರಿಯಾಗಿ ಹೇಳಿದ್ದು ಅವರೇ.